ಬಾವಿ ನೀರಲ್ಲಿ ಪೆಟ್ರೋಲ್ ವಾಸನೆ: ಸೋರುವ ಟ್ಯಾಂಕಿನ ಜಾಡು ಹಿಡಿಯುವುದು ಹೇಗೆ?

ಬಾವಿ ನೀರು ಪೆಟ್ರೋಲ್ ವಾಸನೆ ಬರುತ್ತಿದೆ ಅಂತ ಮನೆಯವರು ದೂರು ಕೊಡುತ್ತಾರೆ. ಯಾರೋ ಬಂದು ಖಾಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ನೀರು ತುಂಬಿಕೊಂಡು ಹೋಗುತ್ತಾರೆ. ಲ್ಯಾಬಿನಲ್ಲಿ 'ಆಯಿಲ್ ಅಂಡ್ ಗ್ರೀಸ್' ಪರೀಕ್ಷೆ ಮಾಡಿಸುತ್ತಾರೆ. ಹತ್ತು ದಿನ ಬಿಟ್ಟು 'ಪತ್ತೆಯಾಗಿಲ್ಲ' ಅಂತ ವರದಿ ಬರುತ್ತದೆ. ಅಲ್ಲಿಗೆ ಫೈಲು ಮುಚ್ಚುತ್ತದೆ, ಬಾವಿ ಮಾತ್ರ ಹಾಗೇ ಉಳಿಯುತ್ತದೆ.

ಆ ವರದಿಯಲ್ಲಿ ಯಾರೂ ಸುಳ್ಳು ಬರೆದಿರುವುದಿಲ್ಲ. ಆದರೆ ಬಾಟಲಿ ತಪ್ಪು, ಪರೀಕ್ಷೆಯೂ ತಪ್ಪು. ಪೆಟ್ರೋಲ್ ಗಾಳಿಗೆ ಹಾರಿಹೋಗುವ ವಸ್ತು. ಅದನ್ನು ಹಿಡಿದಿಡುವ ರೀತಿಯಲ್ಲಿ ಮಾದರಿ ತೆಗೆಯದಿದ್ದರೆ ಎಂಥ ದೊಡ್ಡ ಯಂತ್ರಕ್ಕೂ ಅದು ಸಿಗುವುದಿಲ್ಲ. ನೆಲದಡಿಯ ಟ್ಯಾಂಕ್ ಸೋರಿದ್ದು ನಿಜವೋ ಅಲ್ಲವೋ, ನಿಜವಾದರೆ ಎಲ್ಲಿಯವರೆಗೆ ಹರಡಿದೆ ಎಂದು ಹುಡುಕುವ ಕೆಲಸ ಹೇಗೆ ನಡೆಯಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಾವಿ ಇರುವವರು, ಪಂಚಾಯಿತಿಯವರು, ಈ ಕೆಲಸಕ್ಕೆ ಹೊಸದಾಗಿ ಬಂದಿರುವ ಎಂಜಿನಿಯರುಗಳು, ಮೂವರೂ ನನ್ನ ಮನಸ್ಸಿನಲ್ಲಿದ್ದಾರೆ. ಕೆಲವು ಹೆಜ್ಜೆಗಳನ್ನು ಊರಿನವರೇ ಇಡಬಹುದು. ಕೆಲವಕ್ಕೆ ತಜ್ಞರು ಬೇಕೇ ಬೇಕು. ಎಲ್ಲಿ ಯಾರು ಅಂತ ಆಯಾ ಜಾಗದಲ್ಲೇ ಹೇಳುತ್ತೇನೆ.

ಮೊದಲ ದಿನ: ಜೀವ ಉಳಿಸಿಕೊಳ್ಳುವ ಕೆಲಸ

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಬಾವಿಯೊಳಗೆ, ಸಂಪಿನಲ್ಲಿ, ಚರಂಡಿಯಲ್ಲಿ ಅದು ಕೆಳಗೇ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 1.4 ಭಾಗ ಆವಿ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಹಾಗಾಗಿ ವಾಸನೆ ಬರುವ ಬಾವಿಗೆ ಯಾರೂ ಇಳಿಯಬಾರದು. 'ಒಂದು ಸಲ ಇಳಿದು ನೋಡಿ ಬರ್ತೀನಿ' ಅನ್ನುವವರನ್ನು ತಡೆಯಿರಿ. ಬೆಂಕಿಯ ಭಯ ಒಂದಾದರೆ, ಉಸಿರು ಕಟ್ಟುವ ಭಯ ಇನ್ನೊಂದು. ಬಾವಿ ಕಟ್ಟೆಯ ಮೇಲಿನ ಮೋಟಾರ್ ಹಾಕಬೇಡಿ, ಅದರ ಸ್ವಿಚ್ ಕೂಡ ಮುಟ್ಟಬೇಡಿ. ಬೀಡಿ, ದೀಪ, ಮೊಬೈಲ್ ಟಾರ್ಚ್ ಹಿಡಿದು ಬಗ್ಗುವುದು ಯಾವುದೂ ಬೇಡ. ವಾಸನೆ ಜೋರಾಗಿದ್ದರೆ, ಅಥವಾ ಮನೆಯ ಒಳಗೂ ಚರಂಡಿಯಲ್ಲೂ ಬರುತ್ತಿದ್ದರೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದವರನ್ನು ಕರೆಸಿ. ಅವರ ಬಳಿ ಸ್ಫೋಟಕ ಅನಿಲ ಅಳೆಯುವ ಮೀಟರ್ ಇರುತ್ತದೆ.

ಆ ನೀರನ್ನು ಕುಡಿಯುವುದು, ಅಡುಗೆಗೆ ಬಳಸುವುದು ಆ ಕ್ಷಣವೇ ನಿಲ್ಲಬೇಕು. ಸ್ನಾನಕ್ಕೂ ಬೇಡ. ಬಿಸಿ ನೀರಿನಿಂದ ಬೆಂಜೀನ್ ಎಂಬ ಪೆಟ್ರೋಲಿನಲ್ಲಿರುವ ವಿಷ ಆವಿಯಾಗಿ ಬಚ್ಚಲಿನ ಗಾಳಿಗೆ ಸೇರುತ್ತದೆ, ಉಸಿರಿನ ಜೊತೆ ಒಳಗೆ ಹೋಗುತ್ತದೆ. ಕುದಿಸಿದರೆ ಸರಿಹೋಗುತ್ತದೆ ಅನ್ನುವ ನಂಬಿಕೆ ತುಂಬಾ ಕಡೆ ಇದೆ. ಕುದಿಸಿದರೆ ಆ ವಿಷ ನೀರಿನಿಂದ ಎದ್ದು ಅಡುಗೆಮನೆ ತುಂಬುತ್ತದೆ, ಅಷ್ಟೇ.

ವಾಸನೆ ಇಲ್ಲದ ಪಕ್ಕದ ಬಾವಿಗಳ ಬಗ್ಗೆಯೂ ಎಚ್ಚರ ಬೇಕು. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ಮಿತಿ ಇನ್ನೂ ಕಡಿಮೆ, 5 ಮೈಕ್ರೋಗ್ರಾಂ. ಆದರೆ ಬೆಂಜೀನಿನ ರುಚಿ ನಾಲಿಗೆಗೆ ತಿಳಿಯುವುದು ಲೀಟರಿಗೆ ಸುಮಾರು 500 ಮೈಕ್ರೋಗ್ರಾಂ ಇದ್ದಾಗ. ಅಂದರೆ ಮಿತಿಗಿಂತ 50 ಪಟ್ಟು ಜಾಸ್ತಿ ಇದ್ದಾಗ. ಮೂಗು, ನಾಲಿಗೆ ನಂಬಿ ಒಂದು ಬಾವಿಗೆ 'ಸರಿಯಿದೆ' ಅಂತ ಹೇಳಲು ಬರುವುದಿಲ್ಲ.

ತೇಲುತ್ತಿರುವುದು ಎಣ್ಣೆಯೋ, ಕಬ್ಬಿಣದ ಪೊರೆಯೋ?

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಮುರಕಲ್ಲಿನ ಊರುಗಳಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಾಣುವುದು ಹೊಸದಲ್ಲ. ಮುರಕಲ್ಲಿನಲ್ಲಿ ಕಬ್ಬಿಣ ಜಾಸ್ತಿ. ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಇಂಥ ಪೊರೆ ಕಟ್ಟುತ್ತವೆ. ನೋಡಲು ಥೇಟ್ ಎಣ್ಣೆಯ ಹಾಗೇ ಇರುತ್ತದೆ.

ಪರೀಕ್ಷೆ ಸುಲಭ. ಸ್ವಲ್ಪ ನೀರನ್ನು ಅಗಲವಾದ ಪಾತ್ರೆಗೆ ತೆಗೆದುಕೊಳ್ಳಿ. ಬಯಲಲ್ಲಿಟ್ಟು ಒಂದು ಕಡ್ಡಿಯಿಂದ ಪೊರೆಯನ್ನು ಕಲಕಿ. ಕಬ್ಬಿಣದ ಪೊರೆಯಾದರೆ ಚೂರು ಚೂರಾಗಿ ಒಡೆಯುತ್ತದೆ, ಒಡೆದ ಚೂರುಗಳು ಹಾಗೇ ಬೇರೆ ಬೇರೆ ಉಳಿಯುತ್ತವೆ. ಎಣ್ಣೆಯಾದರೆ ಕಡ್ಡಿ ತೆಗೆದ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಪೊರೆಗೆ ಪೆಟ್ರೋಲ್ ವಾಸನೆಯೂ ಇರುವುದಿಲ್ಲ. ದೂರು ಬರೆಯುವ ಮೊದಲು ಇದನ್ನು ಮಾಡಿ ನೋಡಿ. ಸುಮ್ನೆ ಒಬ್ಬ ಬಂಕ್ ಮಾಲೀಕರ ಮೇಲೆ ಆರೋಪ ಹೊರಿಸುವುದು ನ್ಯಾಯವಲ್ಲ. ಆಮೇಲೆ ನಿಜವಾದ ದೂರಿಗೂ ಬೆಲೆ ಇರುವುದಿಲ್ಲ.

ಬರೆದಿಡುವುದು, ಜಾಗದ ಚರಿತ್ರೆ ಹುಡುಕುವುದು

ಒಂದು ನೋಟ್‌ಬುಕ್ ಇಡಿ. ವಾಸನೆ ಮೊದಲು ಬಂದ ದಿನ, ಯಾವ ಬಾವಿ, ಆ ದಿನ ನೀರು ಎಷ್ಟು ಆಳದಲ್ಲಿತ್ತು, ಹಿಂದಿನ ವಾರ ಮಳೆ ಬಂದಿತ್ತಾ, ಹತ್ತಿರ ಯಾರಾದರೂ ಹೊಸದಾಗಿ ಬೋರ್ ಹಾಕಿ ಪಂಪ್ ಶುರುಮಾಡಿದ್ದರಾ, ಎಲ್ಲ ಬರೆಯಿರಿ. ಇದು ಆಮೇಲೆ ತುಂಬಾ ಉಪಯೋಗಕ್ಕೆ ಬರುತ್ತದೆ. ಮಳೆಗಾಲದಲ್ಲಿ ನೀರಿನ ಮಟ್ಟ ಏರಿದಾಗ ಮಣ್ಣಿನಲ್ಲಿ ಅಂಟಿಕೊಂಡಿದ್ದ ಪೆಟ್ರೋಲ್ ನೀರಿಗೆ ಸೇರಿ ವಾಸನೆ ಜೋರಾಗಬಹುದು. ಕೆಲವು ಕಡೆ ತದ್ವಿರುದ್ಧ. ಏಪ್ರಿಲ್-ಮೇನಲ್ಲಿ ನೀರು ಇಳಿದಾಗ ತೇಲುವ ಪದರ ಬಾವಿಗೆ ಬಂದು ಸೇರುತ್ತದೆ. ವಾಸನೆ ಬಂದು ಹೋಗುತ್ತಿದೆ ಅಂದರೆ ಸೋರಿಕೆ ನಿಂತಿದೆ ಎಂದು ಅರ್ಥವಲ್ಲ.

ಈಗಿನ ಬಂಕ್ ಒಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರಡಬೇಡಿ. ಹತ್ತಿರ ಹಳೆಯ ಬಸ್ ಡಿಪೋ ಇತ್ತಾ? ಗ್ಯಾರೇಜು? ಕಾರ್ಖಾನೆ ಅಥವಾ ಆಸ್ಪತ್ರೆಯ ಜನರೇಟರಿಗೆ ಡೀಸೆಲ್ ಟ್ಯಾಂಕ್? ಮುಚ್ಚಿಹೋದ ಬಂಕಿನ ಟ್ಯಾಂಕುಗಳನ್ನು ನೆಲದಲ್ಲೇ ಬಿಟ್ಟು ಮೇಲೆ ಅಂಗಡಿ ಕಟ್ಟಿದ್ದಾರಾ? ಊರಿನ ಹಿರಿಯರನ್ನು, ಹಳೆಯ ಮೆಕ್ಯಾನಿಕ್‌ಗಳನ್ನು ಕೇಳಿ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರ ನೋಡಬಹುದು. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಸಿಗುತ್ತದೆ. ಅದನ್ನು ಹಿಡಿದು ಪಹಣಿ, ಭೂಪರಿವರ್ತನೆ ದಾಖಲೆ ಹುಡುಕಿ.

ಇವನ್ನೆಲ್ಲ ಒಂದು ಕೈನಕ್ಷೆಯಲ್ಲಿ ಗುರುತಿಸಿ. ಟ್ಯಾಂಕುಗಳು, ತೈಲ ತುಂಬುವ ಜಾಗ, ಚರಂಡಿ, ಪೈಪ್‌ಲೈನ್ ಕಾಲುವೆಗಳು, ಬಾವಿಗಳು, ಬೋರ್‌ವೆಲ್‌ಗಳು, ಇಳಿಜಾರು. ವಿಷ ಎಲ್ಲಿಂದ ಹೊರಟಿರಬಹುದು, ಯಾವ ದಾರಿಯಲ್ಲಿ ಬಂದಿರಬಹುದು, ಯಾರನ್ನು ಮುಟ್ಟಬಹುದು ಎಂಬ ಮೂರು ಪ್ರಶ್ನೆಗೆ ಈ ನಕ್ಷೆಯಲ್ಲಿ ಉತ್ತರ ಊಹಿಸಿ ಬರೆಯಿರಿ. ಮುಂದಿನ ಹೆಜ್ಜೆಗಳೆಲ್ಲ ಈ ಊಹೆ ಸರಿಯೋ ತಪ್ಪೋ ಎಂದು ನೋಡುವುದಕ್ಕೇ.

ಬಂಕಿನ ಲೆಕ್ಕದ ಪುಸ್ತಕ ಏನು ಹೇಳುತ್ತದೆ

ಬಂಕಿನಲ್ಲಿ ದಿನವೂ ಡಿಪ್ ರಾಡ್ ಇಳಿಸಿ ಅಥವಾ ಗೇಜ್ ನೋಡಿ ಟ್ಯಾಂಕಿನಲ್ಲಿರುವ ತೈಲ ಅಳೆಯುತ್ತಾರೆ. ಬಂದ ಲೋಡ್, ಮಾರಿದ ಲೀಟರ್, ಉಳಿದ ದಾಸ್ತಾನು ಬರೆಯುತ್ತಾರೆ. ಸಾಂದ್ರತೆಯ ರಿಜಿಸ್ಟರ್ ಇರುತ್ತದೆ. ರಾಡಿಗೆ ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿ ಟ್ಯಾಂಕಿನ ತಳದಲ್ಲಿ ನೀರಿದೆಯಾ ಅಂತಲೂ ನೋಡುತ್ತಾರೆ. ತನಿಖೆಗೆ ಬಂದವರು ಮೊದಲು ಕೇಳಬೇಕಾದ್ದು ಈ ಪುಸ್ತಕಗಳನ್ನೇ.

ಸೆಕೆಂಡಿಗೆ ಒಂದು ಹನಿ ಸೋರಿದರೆ ದಿನಕ್ಕೆ ನಾಲ್ಕು ಲೀಟರ್ ಮೀರುತ್ತದೆ, ವರ್ಷಕ್ಕೆ 1,500 ಲೀಟರ್ ದಾಟುತ್ತದೆ. ಆದರೆ ದಿನಕ್ಕೆ 4,000 ಲೀಟರ್ ಮಾರುವ ಬಂಕಿನಲ್ಲಿ ನಾಲ್ಕು ಲೀಟರ್ ಯಾರ ಕಣ್ಣಿಗೆ ಬೀಳುತ್ತದೆ? ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. 10,000 ಲೀಟರ್ ಪೆಟ್ರೋಲಿನ ಉಷ್ಣಾಂಶ 5 ಡಿಗ್ರಿ ಬದಲಾದರೆ ಅಳತೆ ಸುಮಾರು 50 ಲೀಟರ್ ಹೆಚ್ಚುಕಮ್ಮಿ ಆಗುತ್ತದೆ. ಇದರ ನಡುವೆ ಸಣ್ಣ ಸೋರಿಕೆ ಅಡಗಿ ಕೂರುತ್ತದೆ.

ಅದಕ್ಕೇ ದಿನದ ವ್ಯತ್ಯಾಸ ನೋಡಿ ಪ್ರಯೋಜನವಿಲ್ಲ. ಆರು ತಿಂಗಳಿನ ದಿನದಿನದ ವ್ಯತ್ಯಾಸಗಳನ್ನು ಒಂದರ ಮೇಲೊಂದು ಕೂಡಿಸುತ್ತಾ ಹೋಗಿ ಗ್ರಾಫ್ ಬರೆಯಿರಿ. ಅಳತೆಯ ತಪ್ಪುಗಳು ಒಂದು ದಿನ ಮೇಲೆ, ಒಂದು ದಿನ ಕೆಳಗೆ ಹೋಗಿ ಒಂದನ್ನೊಂದು ಕಳೆಯುತ್ತವೆ. ಸೋರಿಕೆ ಮಾತ್ರ ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆ. ಪೆಟ್ರೋಲ್ ಆವಿಯಾಗಿ ಹೋಗುವುದೂ ಒಂದೇ ಕಡೆಗೆ ಎಳೆಯುತ್ತದಲ್ಲ ಅಂತ ಕೇಳಬಹುದು. ಹೌದು, ಆದರೆ ಅದು ಮಾರಾಟದ ಜೊತೆ ಏರಿಳಿಯುತ್ತದೆ. ಒಂದು ದಿನದಿಂದ ಗೆರೆಯ ಇಳಿಜಾರು ಕಡಿದಾಗಿದ್ದರೆ ಆ ದಿನಾಂಕವನ್ನು ನಿಮ್ಮ ನೋಟ್‌ಬುಕ್ಕಿನ ಜೊತೆ ಹೋಲಿಸಿ. ಮಳೆಗಾಲದಲ್ಲಿ ಮಾತ್ರ ಟ್ಯಾಂಕಿನಲ್ಲಿ ನೀರು ಕಾಣಿಸಿಕೊಳ್ಳುತ್ತಿದ್ದರೆ ಅದೂ ಸುಳಿವು. ಸುತ್ತಲಿನ ಅಂತರ್ಜಲ ಟ್ಯಾಂಕಿಗಿಂತ ಮೇಲೆ ಬಂದಾಗ ತೂತಿನಿಂದ ನೀರು ಒಳಗೆ ನುಗ್ಗುತ್ತದೆ.

ಟ್ಯಾಂಕ್ ಒಂದನ್ನೇ ನೋಡಿ ಸುಮ್ಮನಾಗಬಾರದು. ಎಷ್ಟೋ ಕಡೆ ಸೋರುವುದು ಪೈಪು, ಅದರ ಜಾಯಿಂಟುಗಳು. ತೈಲ ತುಂಬುವ ಬಾಯಿಯ ಬಳಿ ಪ್ರತಿ ಲೋಡಿಗೂ ಸ್ವಲ್ಪ ಸ್ವಲ್ಪ ಚೆಲ್ಲಿಯೂ ಮಣ್ಣು ಹಾಳಾಗುತ್ತದೆ. ಟ್ಯಾಂಕಿಗೂ ಪೈಪಿಗೂ ಬೇರೆ ಬೇರೆಯಾಗಿ ಒತ್ತಡದ ಪರೀಕ್ಷೆ ಮಾಡಿಸಬೇಕು. ಇದು ತೈಲ ಕಂಪನಿ ಮತ್ತು ಪೆಸೋ ಒಪ್ಪಿದ ತಜ್ಞರ ಕೆಲಸ. ಪೆಸೋ ಅಂದರೆ ಪೆಟ್ರೋಲ್ ದಾಸ್ತಾನಿಗೆ ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ.

ನೀರು ಯಾವ ಕಡೆ ಹರಿಯುತ್ತಿದೆ?

ಇದು ಊರಿನವರೇ ಮಾಡಬಹುದಾದ, ಹಣ ಹೆಚ್ಚು ಬೇಡದ, ಆದರೂ ಬಹುತೇಕ ಯಾರೂ ಮಾಡದ ಕೆಲಸ. ಬಂಕಿನಿಂದ ಬಾವಿಯ ಕಡೆಗೆ ಅಂತರ್ಜಲ ಹರಿಯುತ್ತಿದೆಯಾ ಅಂತ ತಿಳಿಯದೆ ಯಾರ ಕಡೆಗೂ ಬೆರಳು ತೋರಿಸಲು ಬರುವುದಿಲ್ಲ.

ವಾಸನೆ ಇಲ್ಲದ, ತೆರೆದ ಬಾವಿಗಳನ್ನು ಆರಿಸಿಕೊಳ್ಳಿ. ಕನಿಷ್ಠ ಮೂರು ಬೇಕು, ಒಂದೇ ಸಾಲಿನಲ್ಲಿ ಇರಬಾರದು, ತ್ರಿಕೋನದ ಹಾಗೆ ಇರಬೇಕು. ಹಿಂದಿನ ರಾತ್ರಿಯಿಂದ ಯಾರೂ ಪಂಪ್ ಹಾಕಬಾರದು ಅಂತ ಎಲ್ಲರಿಗೂ ಹೇಳಿ. ಬೆಳಿಗ್ಗೆ ಎಲ್ಲ ಬಾವಿಗಳಲ್ಲೂ ಕಟ್ಟೆಯ ಒಂದು ಗುರುತಿನಿಂದ ನೀರಿನವರೆಗೆ ಆಳ ಅಳೆಯಿರಿ. ಆಮೇಲೆ ಆ ಗುರುತುಗಳು ಒಂದಕ್ಕಿಂತ ಒಂದು ಎಷ್ಟು ಎತ್ತರದಲ್ಲಿವೆ ಅಂತ ನೋಡಬೇಕು. ಮೇಸ್ತ್ರಿಗಳು ಮಟ್ಟ ಹಿಡಿಯಲು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬ್ ಇದೆಯಲ್ಲ, ಹತ್ತಿರದ ಬಾವಿಗಳಿಗೆ ಅದೇ ಸಾಕು. ದೂರವಾದರೆ ಸರ್ವೆಯವರ ಲೆವೆಲ್ ಯಂತ್ರ ತರಿಸಿ. ಮೊಬೈಲ್ ಜಿಪಿಎಸ್ ತೋರಿಸುವ ಎತ್ತರವನ್ನು ಮಾತ್ರ ನಂಬಬೇಡಿ, ಅದು ಮೀಟರುಗಟ್ಟಲೆ ತಪ್ಪುತ್ತದೆ. ನಮಗೆ ಬೇಕಾದ್ದು ಸೆಂಟಿಮೀಟರ್ ಲೆಕ್ಕ.

ಕಟ್ಟೆಯ ಎತ್ತರದಿಂದ ಆಳ ಕಳೆದರೆ ನೀರಿನ ಮಟ್ಟ ಸಿಗುತ್ತದೆ. ಕ ಬಾವಿಯಲ್ಲಿ 12.60 ಮೀಟರ್, ಖ ಬಾವಿಯಲ್ಲಿ 12.20, ಗ ಬಾವಿಯಲ್ಲಿ 11.80 ಅಂತ ಬಂತು ಎಂದುಕೊಳ್ಳಿ. ನಕ್ಷೆಯಲ್ಲಿ ಕ ಮತ್ತು ಗ ಸೇರಿಸಿ ಗೆರೆ ಎಳೆಯಿರಿ. ಆ ಗೆರೆಯ ಸರಿ ಮಧ್ಯದಲ್ಲಿ ಮಟ್ಟ 12.20 ಇರುತ್ತದೆ. ಆ ಜಾಗವನ್ನು ಖ ಬಾವಿಗೆ ಸೇರಿಸಿ. ಈಗ ಸಿಕ್ಕ ಗೆರೆಯ ಉದ್ದಕ್ಕೂ ನೀರು ಒಂದೇ ಮಟ್ಟದಲ್ಲಿದೆ. ಅದಕ್ಕೆ ಲಂಬವಾಗಿ, ಗ ಇರುವ ಕಡೆಗೆ ಬಾಣ ಎಳೆದರೆ ನೀರು ಹರಿಯುವ ದಿಕ್ಕು ಅದೇ. ಇದನ್ನೇ ಬೇಸಿಗೆಯಲ್ಲಿ ಒಂದು ಸಲ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಮಾಡಿ. ದಿಕ್ಕು ಬದಲಾಗುವುದುಂಟು.

ಒಂದು ಮಾತು ನೆನಪಿರಲಿ. ಈ ಲೆಕ್ಕ ಮಣ್ಣು, ಮರಳು, ಸಡಿಲ ಕಲ್ಲಿನ ಪದರಕ್ಕೆ ಚೆನ್ನಾಗಿ ಹೊಂದುತ್ತದೆ. ಮುರಕಲ್ಲಿನ ಒಳಗೆ ಕೊಳವೆಯಂಥ ತೂತುಗಳಿರುತ್ತವೆ, ಅದರ ಕೆಳಗೆ ನೀರು ಸುಲಭವಾಗಿ ಬಿಡದ ಶೇಡಿ ಮಣ್ಣು. ನೀರು ಆ ತೂತುಗಳಲ್ಲಿ ಬೇಗ ಓಡುತ್ತದೆ. ಬೆಂಗಳೂರು, ತುಮಕೂರು, ಕೋಲಾರದ ಕಡೆ ಗಟ್ಟಿ ಬಂಡೆ. ಅಲ್ಲಿ ನೀರು ಬಿರುಕು ಹಿಡಿದು ಹೋಗುತ್ತದೆ. ಬಿರುಕು ಎಲ್ಲಿಗೆ ತಿರುಗಿದೆಯೋ ಅಲ್ಲಿಗೆ ಪೆಟ್ರೋಲೂ ಹೋಗುತ್ತದೆ. 1995ರಲ್ಲಿ ಕ್ಯಾಲಿಫೋರ್ನಿಯಾದ ಸೋರುವ ಟ್ಯಾಂಕುಗಳ ಬಗ್ಗೆ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ ನಡೆಸಿದ ಅಧ್ಯಯನದಲ್ಲಿ, ಬೆಂಜೀನ್ ಸೇರಿದ ನೀರು ಬಹಳ ಕಡೆ 250 ಅಡಿಯೊಳಗೇ ನಿಂತಿತ್ತು. ಆ ಅಂಕಿಯನ್ನು ಇಲ್ಲಿಗೆ ತಂದು 'ನಿಮ್ಮ ಬೋರ್ ದೂರ ಇದೆ, ಭಯವಿಲ್ಲ' ಅನ್ನುವವರನ್ನು ನಂಬಬೇಡಿ. ಬಿರುಕಿನ ಬಂಡೆಗೆ, ಹಗಲು ರಾತ್ರಿ ಎಳೆಯುವ ಬೋರ್‌ವೆಲ್ ಪಕ್ಕಕ್ಕೆ, ಆ ಲೆಕ್ಕ ಒಗ್ಗುವುದಿಲ್ಲ.

ಮಣ್ಣು ಅಗೆದು ನೋಡುವುದು

ಇಲ್ಲಿಂದ ಮುಂದೆ ತಜ್ಞರ ಕೆಲಸ. ಬಂಕಿನ ಒಳಗೆ ನೆಲ ಕೊರೆಯುವಾಗ ಟ್ಯಾಂಕ್, ಪೈಪು, ಕರೆಂಟ್ ಕೇಬಲ್ ಎಲ್ಲಿದೆ ಅಂತ ಖಚಿತವಾಗಬೇಕು, ಅನುಮತಿ ಬೇಕು, ಅನಿಲದ ಮೀಟರ್ ಪಕ್ಕದಲ್ಲೇ ಇರಬೇಕು. ಆದರೂ ಏನು ನಡೆಯಬೇಕು ಅಂತ ಊರಿನವರಿಗೂ ಗೊತ್ತಿದ್ದರೆ ಒಳ್ಳೆಯದು. ನಿಂತು ನೋಡುವಾಗ ಪ್ರಶ್ನೆ ಕೇಳಬಹುದು.

ಮೆದು ಮಣ್ಣಾದರೆ ಕೈಯಿಂದ ತಿರುಗಿಸುವ ಆಗರ್ ಎಂಬ ಕೊರೆಯುವ ಸಾಧನ ಸಾಕು. ಪ್ರತಿ ಮೀಟರಿಗೆ, ಮಣ್ಣಿನ ಬಣ್ಣ ಬದಲಾದಲ್ಲಿ, ನೀರಿನ ಮಟ್ಟದ ಸರಿ ಮೇಲೆ ಮಾದರಿ ತೆಗೆಯಬೇಕು. ಪೆಟ್ರೋಲ್ ನೀರಿಗಿಂತ ಹಗುರ, ಹಾಗಾಗಿ ನೀರಿನ ಮಟ್ಟದ ಮೇಲೆ ಹರಡಿ ನಿಲ್ಲುತ್ತದೆ. ನೀರು ಏರಿ ಇಳಿದ ಹಾಗೆ ಆ ಪದರವೂ ಏರಿ ಇಳಿದು ಎರಡು ಮೂರು ಮೀಟರ್ ಮಣ್ಣಿಗೆ ಬಳಿದುಕೊಂಡಿರುತ್ತದೆ. ನಮ್ಮ ಕರಾವಳಿಯಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ನೀರಿನ ಮಟ್ಟದಲ್ಲಿ ಅಷ್ಟೊಂದು ವ್ಯತ್ಯಾಸ ಇರುವುದರಿಂದ ಈ ಬಳಿದುಕೊಂಡ ಪದರ ದಪ್ಪವಾಗಿರುತ್ತದೆ. ಅಲ್ಲಿ ಮಾದರಿ ತೆಗೆಯದಿದ್ದರೆ ಮಣ್ಣಿನ ತನಿಖೆಯೇ ವ್ಯರ್ಥ.

ಸ್ಥಳದಲ್ಲೇ ಸುಳಿವು ಹಿಡಿಯಲು ಪಿಐಡಿ ಎಂಬ ಆವಿ ಅಳೆಯುವ ಯಂತ್ರ ಬಳಸುತ್ತಾರೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ಮಣ್ಣು ಹಾಕಿ, ಮುಚ್ಚಿ, ಪುಡಿ ಮಾಡಿ, ಹತ್ತು ಹದಿನೈದು ನಿಮಿಷ ಬಿಟ್ಟು, ಚೀಲದೊಳಗಿನ ಗಾಳಿ ಅಳೆಯುತ್ತಾರೆ. ಇದು ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ಮಾತ್ರ ಹೇಳುತ್ತದೆ. ಲ್ಯಾಬಿಗೆ ಹೋಗುವ ಮಣ್ಣನ್ನು ಹೀಗೆ ಪುಡಿ ಮಾಡಬಾರದು, ಬೇರೆ ಬೇರೆ ಆಳದ ಮಣ್ಣನ್ನು ಕಲಸಲೂಬಾರದು. ಅಗೆದ ಕೂಡಲೇ ಸಣ್ಣ ತುಂಡನ್ನು ಮೆಥನಾಲ್ ಇರುವ ಗಾಜಿನ ಸೀಸೆಗೆ ಹಾಕಿ ಮುಚ್ಚಬೇಕು.

ಬೋರ್ ಲಾರಿ ತಂದು ಕೊರೆಯುತ್ತೇವೆ ಅಂದರೆ ಬೇಡ ಅನ್ನಿ. ಅದು ಗಾಳಿಯ ಒತ್ತಡದಿಂದ ಪುಡಿಯನ್ನು ಮೇಲೆ ಎಸೆಯುತ್ತದೆ. ಆ ಗಾಳಿಯ ಜೊತೆ ಬೆಂಜೀನ್ ಹಾರಿಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮೇಲಿನ ಪದರದಲ್ಲಿ ಮಾತ್ರ ಇದ್ದ ಪೆಟ್ರೋಲಿಗೆ ಕೆಳಗಿನ ಬಂಡೆಯ ಬಿರುಕಿಗೆ ಇಳಿಯಲು ನಾವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಆಳಕ್ಕೆ ಹೋಗಲೇಬೇಕಾದರೆ ಮೇಲಿನ ಪದರವನ್ನು ಕೇಸಿಂಗ್ ಮತ್ತು ಸಿಮೆಂಟ್ ಹಾಕಿ ಮುಚ್ಚಿದ ಮೇಲೆ ಹೋಗಬೇಕು.

ನಿಗಾ ಬಾವಿಗಳು

ನೀರಿನ ಗುಣ ನೋಡಲು ಕೊರೆಯುವ ಸಣ್ಣ ಕೊಳವೆಗಳು ಇವು. ಒಂದು ಬಂಕಿನ ಮೇಲ್ಹರಿವಿನಲ್ಲಿ (ನೀರು ಬಂಕಿನ ಕಡೆಗೆ ಹರಿದು ಬರುವ ಬದಿ), ಒಂದು ಟ್ಯಾಂಕುಗಳ ಪಕ್ಕದಲ್ಲಿ, ಉಳಿದವು ಕೆಳಹರಿವಿನಲ್ಲಿ (ಬಂಕಿನಿಂದ ಹರಿದು ಹೋಗುವ ಬದಿ) ಬಾವಿಗಳ ಕಡೆಗೆ. ಮೇಲ್ಹರಿವಿನದ್ದನ್ನು ಬಿಟ್ಟುಬಿಡುವವರೇ ಜಾಸ್ತಿ. ಅದಿಲ್ಲದಿದ್ದರೆ ವಿಷ ಬೇರೆ ಕಡೆಯಿಂದ ಬಂತು ಅನ್ನುವ ವಾದಕ್ಕೆ ಉತ್ತರ ಇರುವುದಿಲ್ಲ.

ಪೈಪಿನ ಜಾಲರಿ ಭಾಗ ನೀರಿನ ಮಟ್ಟವನ್ನು ದಾಟಿ ಮೇಲೂ ಕೆಳಗೂ ಇರಬೇಕು, ಮಳೆಗಾಲದ ಏರಿಕೆಗೂ ಬೇಸಿಗೆಯ ಇಳಿಕೆಗೂ ಸಾಕಾಗುವಷ್ಟು. ಜಾಲರಿ ಪೂರ್ತಿ ನೀರಿನೊಳಗೆ ಮುಳುಗಿದ್ದರೆ ತೇಲುವ ಪೆಟ್ರೋಲ್ ಪೈಪಿಗೆ ಬರುವುದೇ ಇಲ್ಲ, ಬಾವಿ ಶುದ್ಧವಾಗಿ ಕಾಣುತ್ತದೆ. ಜಾಲರಿಯ ಮೇಲೆ ಬೆಂಟೊನೈಟ್ ಜೇಡಿ ಹಾಕಿ ಮಳೆನೀರು ಇಳಿಯದ ಹಾಗೆ ಮುಚ್ಚಬೇಕು. ಪಿವಿಸಿ ಪೈಪುಗಳನ್ನು ತಿರುಪು ಹಾಕಿ ಜೋಡಿಸಬೇಕು, ಅಂಟು ಬಳಸಬಾರದು. ಆ ಅಂಟಿನ ದ್ರಾವಕವೇ ಮಾದರಿಯಲ್ಲಿ ಕಾಣಿಸಿಕೊಂಡು ಗೊಂದಲ ಮಾಡುತ್ತದೆ.

ಪೈಪಿನಲ್ಲಿ ಪೆಟ್ರೋಲ್ ತೇಲುತ್ತಿದ್ದರೆ ಅದರ ಭಾರಕ್ಕೆ ನೀರು ಕೆಳಗೆ ಒತ್ತಿರುತ್ತದೆ. ದಿಕ್ಕಿನ ಲೆಕ್ಕಕ್ಕೆ ಮೊದಲು ಅದನ್ನು ಸರಿಪಡಿಸಿ. ಪದರ 40 ಸೆಂಟಿಮೀಟರ್ ದಪ್ಪ, ಪೆಟ್ರೋಲಿನ ಸಾಂದ್ರತೆ 0.74 ಆದರೆ, ನೀರಿನ ಮಟ್ಟಕ್ಕೆ ಸುಮಾರು 30 ಸೆಂಟಿಮೀಟರ್ ಕೂಡಿಸಬೇಕು.

ಮಾದರಿ ತೆಗೆಯುವುದು

ಇಡೀ ತನಿಖೆ ನಿಂತಿರುವುದು ಇಲ್ಲಿ. ನಿಧಾನವಾಗಿ ಓದಿ.

ಬೇಕಾದ್ದು 40 ಮಿಲಿಲೀಟರಿನ ಗಾಜಿನ ಸೀಸೆ, ಒಳಗೆ ಟೆಫ್ಲಾನ್ ಪದರ ಇರುವ ಮುಚ್ಚಳ. ಲ್ಯಾಬಿನವರೇ ಕೊಡುತ್ತಾರೆ, ಕೇಳಿ ತರಿಸಿಕೊಳ್ಳಬೇಕು. ಒಳಗೆ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಮೊದಲೇ ಇರುತ್ತದೆ. ಅದು ದಾರಿಯಲ್ಲಿ ಬ್ಯಾಕ್ಟೀರಿಯಾ ಬೆಂಜೀನನ್ನು ತಿಂದುಹಾಕದಂತೆ ತಡೆಯುತ್ತದೆ. ಹಾಗಾಗಿ ಸೀಸೆ ತೊಳೆಯಬೇಡಿ. ಬಾಗಲಕೋಟೆ, ಕಲಬುರಗಿಯ ಸುಣ್ಣಕಲ್ಲಿನ ನೀರಾದರೆ ಆಮ್ಲಕ್ಕೆ ನೊರೆ ಬಂದು ಗುಳ್ಳೆ ಏಳಬಹುದು. ಆಗ ಆಮ್ಲವಿಲ್ಲದ ಸೀಸೆ ಬಳಸಿ, 7 ದಿನದೊಳಗೆ ಪರೀಕ್ಷೆ ಮುಗಿಸಿ. ಆಮ್ಲ ಇದ್ದರೆ 14 ದಿನ ಸಮಯವಿದೆ.

ನಿಗಾ ಬಾವಿಯಲ್ಲಿ ನಿಂತ ನೀರನ್ನು ಮೊದಲು ಹೊರಗೆ ಹಾಕಬೇಕು. 10 ಸೆಂಟಿಮೀಟರ್ ಅಗಲದ ಪೈಪಿನಲ್ಲಿ 3 ಮೀಟರ್ ನೀರಿದ್ದರೆ ಸುಮಾರು 24 ಲೀಟರ್. ಅದರ ಮೂರು ಪಟ್ಟು, ಅಂದರೆ 70 ಲೀಟರಿನಷ್ಟು ತೆಗೆದ ಮೇಲೆ ಹೊಸ ನೀರು ಬರುತ್ತದೆ. ತೆಗೆದ ನೀರನ್ನು ಚರಂಡಿಗೆ ಬಿಡದೆ ಡ್ರಮ್ಮಿನಲ್ಲಿ ಹಿಡಿದಿಡಿ. ಬಳಕೆಯಲ್ಲಿರುವ ಮನೆಯ ಬೋರ್‌ವೆಲ್ ಆದರೆ ಓವರ್‌ಹೆಡ್ ಟ್ಯಾಂಕಿಗೆ ಹೋಗುವ ಮೊದಲೇ, ಪಂಪಿನ ಹತ್ತಿರದ ನಲ್ಲಿಯಲ್ಲಿ ಹಿಡಿಯಬೇಕು. ಟ್ಯಾಂಕಿನಲ್ಲಿ ಬಿದ್ದ ನೀರಿನಿಂದ ಸಾಕಷ್ಟು ಬೆಂಜೀನ್ ಆಗಲೇ ಗಾಳಿಗೆ ಹೋಗಿರುತ್ತದೆ.

ನೀರನ್ನು ಸೀಸೆಯ ಗೋಡೆಗೆ ತಾಗಿಸಿ, ಸಣ್ಣ ಧಾರೆಯಲ್ಲಿ, ಸದ್ದಿಲ್ಲದೆ ತುಂಬಿ. ಬಾಯಿಯ ಮೇಲೆ ನೀರು ಉಬ್ಬಿ ನಿಲ್ಲುವವರೆಗೆ ತುಂಬಿ ಮುಚ್ಚಳ ತಿರುಗಿಸಿ. ಸೀಸೆಯನ್ನು ತಲೆಕೆಳಗು ಮಾಡಿ ತಟ್ಟಿ ನೋಡಿ. ಒಂದು ಗುಳ್ಳೆ ಕಂಡರೂ ಆ ಸೀಸೆ ಬಿಟ್ಟು ಹೊಸದರಲ್ಲಿ ತುಂಬಿ. ಬೆಂಜೀನ್ ಆ ಗುಳ್ಳೆಯೊಳಗೆ ಸೇರಿಕೊಳ್ಳುತ್ತದೆ, ಮುಚ್ಚಳ ತೆಗೆದಾಗ ಹೋಗಿಬಿಡುತ್ತದೆ. ಪ್ರತಿ ಬಾವಿಗೆ ಎರಡು ಮೂರು ಸೀಸೆ ಇರಲಿ. ಐಸ್ ತುಂಬಿದ ಡಬ್ಬಿಯಲ್ಲಿ 4 ಡಿಗ್ರಿಯ ಹತ್ತಿರ ಇಟ್ಟು ಸಾಗಿಸಿ.

ಮೇಲ್ಹರಿವಿನ ಶುದ್ಧ ಬಾವಿಯಿಂದ ಶುರುಮಾಡಿ, ವಾಸನೆಯ ಬಾವಿಯನ್ನು ಕೊನೆಗೆ ಮುಟ್ಟಿ. ಗ್ಲೌಸ್ ಪ್ರತಿ ಬಾವಿಗೂ ಬದಲಿಸಿ. ಆ ದಿನ ಬೆಳಿಗ್ಗೆ ಗಾಡಿಗೆ ಪೆಟ್ರೋಲ್ ಹಾಕಿಸಿದ ಕೈಯಲ್ಲಿ ಸೀಸೆ ಮುಟ್ಟಬೇಡಿ. ಜನರೇಟರ್, ಸ್ಟಾರ್ಟ್ ಆಗಿರುವ ಬೈಕ್ ಹತ್ತಿರ ಇರಬಾರದು. ಲ್ಯಾಬಿನಿಂದಲೇ ಶುದ್ಧ ನೀರು ತುಂಬಿ ಬಂದ ಒಂದು ಸೀಸೆ ದಾರಿಯುದ್ದಕ್ಕೂ ಜೊತೆಗಿದ್ದು ತೆರೆಯದೆ ವಾಪಸ್ ಹೋಗಬೇಕು. ಅದರಲ್ಲಿ ಬೆಂಜೀನ್ ಕಂಡರೆ ದಾರಿಯಲ್ಲೇ ಏನೋ ಸೇರಿದೆ ಅಂತ ಅರ್ಥ. ಒಂದು ಬಾವಿಯ ಮಾದರಿಯನ್ನು ಬೇರೆ ಹೆಸರಿನಲ್ಲಿ ಎರಡು ಸಲ ಕಳಿಸಿ. ಲ್ಯಾಬಿನ ಎರಡು ಉತ್ತರ ಹತ್ತಿರ ಹತ್ತಿರ ಬರಬೇಕು.

ಕೊನೆಗೆ ಮಹಜರು. ಯಾರು, ಎಷ್ಟು ಗಂಟೆಗೆ, ಯಾವ ಬಾವಿಯಿಂದ, ಯಾರ ಎದುರು ತೆಗೆದರು, ಸೀಸೆ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲ ಸಹಿ ಸಮೇತ. ಬಂಕಿನವರನ್ನೂ ಕರೆದು ಸಹಿ ಹಾಕಿಸಿ. ಮುಂದೆ ವಾದ ಎದ್ದರೆ ಮೊದಲ ಪ್ರಶ್ನೆ ಬರುವುದು ಈ ಕಾಗದದ ಮೇಲೆ.

ಲ್ಯಾಬಿಗೆ ಏನು ಕೇಳಬೇಕು

'ಆಯಿಲ್ ಅಂಡ್ ಗ್ರೀಸ್' ಪರೀಕ್ಷೆಯಲ್ಲಿ ನೀರಿನಿಂದ ಎಣ್ಣೆಯನ್ನು ದ್ರಾವಕಕ್ಕೆ ಎಳೆದು, ದ್ರಾವಕವನ್ನು ಬಿಸಿ ಮಾಡಿ ಹಾರಿಸಿ, ಉಳಿದದ್ದನ್ನು ತೂಗುತ್ತಾರೆ. ಬಿಸಿ ಮಾಡುವಾಗ ಪೆಟ್ರೋಲೂ ಹಾರುತ್ತದೆ. ಅಡುಗೆ ಎಣ್ಣೆ, ಗ್ರೀಸಿಗೆ ಸರಿಯಾದ ಪರೀಕ್ಷೆ ಅದು, ಪೆಟ್ರೋಲಿಗೆ ಅಲ್ಲ. ಟಿಡಿಎಸ್, ಗಡಸುತನ, ಪಿಎಚ್ ಇರುವ ಮಾಮೂಲಿ ಕುಡಿಯುವ ನೀರಿನ ಪಟ್ಟಿಯೂ ಇಲ್ಲಿ ಉಪಯೋಗವಿಲ್ಲ.

ಲಿಖಿತವಾಗಿ ಹೀಗೆ ಕೇಳಿ: ಜಿಸಿ-ಎಂಎಸ್ (ಬೆರೆತ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ) ಯಂತ್ರದಲ್ಲಿ ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಕ್ಸೈಲೀನ್, ನ್ಯಾಫ್ತಲೀನ್, ಎಂಟಿಬಿಇ (ಪೆಟ್ರೋಲಿಗೆ ಬೆರೆಸುವ ಒಂದು ರಾಸಾಯನಿಕ). ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಪೆಟ್ರೋಲ್ ಭಾಗ ಮತ್ತು ಡೀಸೆಲ್ ಭಾಗ ಬೇರೆ ಬೇರೆಯಾಗಿ. ಡೀಸೆಲ್ ಸಂಶಯ ಇದ್ದರೆ ಪಿಎಎಚ್ ಎಂಬ ಭಾರವಾದ ಹೈಡ್ರೋಕಾರ್ಬನ್‌ಗಳ ಗುಂಪು. ಭಾರತದಲ್ಲಿ ಸೀಸದ ಪೆಟ್ರೋಲ್ 2000ದ ಫೆಬ್ರವರಿಯಲ್ಲಿ ನಿಂತಿತು. ಅದಕ್ಕೂ ಹಳೆಯ ಬಂಕ್ ಆದರೆ ಮಣ್ಣಿನಲ್ಲಿ ಸೀಸವನ್ನೂ ನೋಡಿ. ಸೀಸ ಸಿಕ್ಕರೆ ಹಳೆಯ ಕಾಲದ ಸೋರಿಕೆಯ ಸುಳಿವು ಅದು. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ ಸಾಲದು. ಈ ಪರೀಕ್ಷೆಗಳು ಆ ಮಾನ್ಯತೆಯ ಪಟ್ಟಿಯಲ್ಲಿವೆಯಾ ಅಂತ ನೋಡಿ. ಎಷ್ಟು ಕಡಿಮೆ ಪ್ರಮಾಣದವರೆಗೆ ಅಳೆಯಬಲ್ಲಿರಿ ಅಂತಲೂ ಕೇಳಿ. ಲೀಟರಿಗೆ 1 ಮೈಕ್ರೋಗ್ರಾಂ ಹತ್ತಿರ ಇರಬೇಕು.

ವರದಿ ಓದುವುದು

'ಬಿಡಿಎಲ್' (ಯಂತ್ರದ ಅಳತೆಗೆ ಸಿಗದಷ್ಟು ಕಡಿಮೆ) ಅಂತ ಬರೆದಿದ್ದರೆ ನೆಮ್ಮದಿಯ ಉಸಿರು ಬಿಡುವ ಮೊದಲು ಪಕ್ಕದ ಕಾಲಂ ನೋಡಿ. ಆ ಲ್ಯಾಬಿನ ಯಂತ್ರ 50 ಮೈಕ್ರೋಗ್ರಾಂಗಿಂತ ಕೆಳಗೆ ಕಾಣಲಾರದು ಅಂದರೆ, ನಿಮ್ಮ ನೀರಿನಲ್ಲಿ 40 ಇದ್ದರೂ 'ಬಿಡಿಎಲ್' ಅಂತಲೇ ಬರುತ್ತದೆ. ಅದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ನಾಲ್ಕು ಪಟ್ಟು.

ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500ರ 2012ರ ಆವೃತ್ತಿಯಲ್ಲಿ ಖನಿಜ ತೈಲಕ್ಕೆ ಲೀಟರಿಗೆ 0.5 ಮಿಲಿಗ್ರಾಂ ಮಿತಿ ಇದೆ, ಬೆಂಜೀನಿಗೆ ಬೇರೆ ಸಾಲು ಇಲ್ಲ. 'ಮಾನದಂಡದೊಳಗಿದೆ' ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯನ್ನೇ ಹಿಡಿಯಿರಿ.

ಈ ಮಿತಿ ಎಷ್ಟು ಸಣ್ಣದು ಅಂತ ಒಂದು ಲೆಕ್ಕ ನೋಡಿ. ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ನೂರಕ್ಕೆ 1 ಭಾಗದವರೆಗೆ ಇರಬಹುದು. ಅಂದರೆ ಒಂದು ಲೀಟರಿನಲ್ಲಿ ಸುಮಾರು 8.8 ಗ್ರಾಂ. ಅಷ್ಟೂ ನೀರಿಗೆ ಸೇರಿದರೆ 8.8 ಲಕ್ಷ ಲೀಟರ್ ನೀರು ಆ ಮಿತಿಯನ್ನು ಮುಟ್ಟುತ್ತದೆ. 12,000 ಲೀಟರಿನ ನೀರಿನ ಟ್ಯಾಂಕರ್ ಲಾರಿಗಳ ಲೆಕ್ಕದಲ್ಲಿ ಎಪ್ಪತ್ತಕ್ಕೂ ಜಾಸ್ತಿ.

ಅಂಕಿಗಳನ್ನು ನಕ್ಷೆಯ ಮೇಲೆ ಬಾವಿಗಳ ಪಕ್ಕದಲ್ಲಿ ಬರೆಯಿರಿ. ಮೇಲ್ಹರಿವಿನಲ್ಲಿ ಇಲ್ಲ, ಟ್ಯಾಂಕಿನ ಪಕ್ಕದಲ್ಲಿ ಜಾಸ್ತಿ, ಬಾಣದ ದಿಕ್ಕಿನಲ್ಲಿ ಇಳಿಯುತ್ತಾ ಹೋದರೆ ಮೂಲ ಸ್ಪಷ್ಟ. ಬೆಂಜೀನ್, ಟಾಲ್ವೀನ್ ಎರಡೂ ಕ್ಸೈಲೀನಿಗೆ ಹೋಲಿಸಿದರೆ ತುಂಬಾ ಇದ್ದರೆ ಸೋರಿಕೆ ಹೊಸದು ಅಥವಾ ಈಗಲೂ ನಡೆಯುತ್ತಿದೆ ಅಂತ ಅನುಮಾನಿಸಬಹುದು. ಅವೆರಡೂ ನೀರಿಗೆ ಬೇಗ ಸೇರಿ ಬೇಗ ಕೊಚ್ಚಿಹೋಗುವಂಥವು. ನೀರಿನಲ್ಲಿ ಆಮ್ಲಜನಕ, ನೈಟ್ರೇಟ್ ಕಡಿಮೆಯಾಗಿ ಕರಗಿದ ಕಬ್ಬಿಣ ಏರಿದ್ದರೆ ಬ್ಯಾಕ್ಟೀರಿಯಾ ಪೆಟ್ರೋಲನ್ನು ತಿನ್ನುತ್ತಿವೆ. ಇದು ಒಳ್ಳೆಯ ಸುದ್ದಿ. ಆದರೆ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇದೆ. ಬ್ಯಾಕ್ಟೀರಿಯಾ ಮೊದಲು ಎಥನಾಲ್ ತಿಂದು ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಬೆಂಜೀನ್ ಹೆಚ್ಚು ಕಾಲ ಉಳಿದು ಹೆಚ್ಚು ದೂರ ಹೋಗುತ್ತದೆ.

ಯಾರಿಗೆ ಬರೆಯಬೇಕು

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ, ಜಿಲ್ಲಾಧಿಕಾರಿಗೆ, ಪೆಸೋಗೆ, ಆ ತೈಲ ಕಂಪನಿಗೆ ಒಂದೇ ದಿನ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪಂಚಾಯಿತಿಯ ಪಿಡಿಒಗೆ ಪ್ರತಿ ಕೊಡಿ. 1974ರ ಜಲ ಕಾಯ್ದೆ ಮಂಡಳಿಗೆ ಮಾದರಿ ತೆಗೆಯುವ ಅಧಿಕಾರ ಕೊಟ್ಟಿದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆ ಹೊಸ ನಿಯಮ ತಂದಿದೆ. ಅದರಂತೆ ಜಿಲ್ಲಾಡಳಿತ ಸಂಶಯದ ಜಾಗಗಳ ಪಟ್ಟಿ ಕೊಡಬೇಕು, ಮಂಡಳಿ 90 ದಿನದೊಳಗೆ ಪ್ರಾಥಮಿಕ ಪರಿಶೀಲನೆ ಮಾಡಬೇಕು. ದೂರಿನಲ್ಲಿ ಈ ನಿಯಮದ ಹೆಸರು ಹೇಳಿ. ಸರ್ಕಾರಿ ತೈಲ ಕಂಪನಿಯಾದರೆ ಟ್ಯಾಂಕಿನ ವಯಸ್ಸು, ಒತ್ತಡ ಪರೀಕ್ಷೆಯ ವರದಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 2020ರ ಜನವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊಸ ಬಂಕುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಬಂಕ್ ಅದಕ್ಕಿಂತ ಈಚಿನದಾದರೆ ಅದನ್ನು ಪಾಲಿಸಿದೆಯಾ ಅಂತಲೂ ಕೇಳಿ.

ಪರಿಹಾರಕ್ಕಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕಕ್ಕೆ ಚೆನ್ನೈ ಪೀಠ. ಪರಿಹಾರದ ಅರ್ಜಿಗೆ ಐದು ವರ್ಷದ ಗಡುವು ಇದೆ. ಆದರೆ ಪರಿಸರದ ವಿವಾದ ಬಗೆಹರಿಸಿ ಎಂದು ಕೇಳುವ ಅರ್ಜಿಗೆ ಆರೇ ತಿಂಗಳು. ನೋಟ್‌ಬುಕ್ಕಿನ ಮೊದಲ ದಿನಾಂಕ ಇಲ್ಲಿ ಬೇಕಾಗುತ್ತದೆ.

ಆಮೇಲಿನ ಕೆಲಸ

ಒಂದು ಸಲದ ವರದಿ ಸಾಕಾಗುವುದಿಲ್ಲ. ಕನಿಷ್ಠ ಒಂದು ವರ್ಷ, ಮೂರು ತಿಂಗಳಿಗೊಮ್ಮೆ, ಅದೇ ಬಾವಿಗಳಲ್ಲಿ ಅದೇ ಪರೀಕ್ಷೆ ನಡೆಯಬೇಕು. ಬೇಸಿಗೆ, ಮಳೆಗಾಲ ಎರಡೂ ಅದರೊಳಗೆ ಬರಬೇಕು. ಅಷ್ಟು ದಿನ ಆ ಮನೆಗಳಿಗೆ ಬೇರೆ ನೀರಿನ ವ್ಯವಸ್ಥೆ ಆಗಲೇಬೇಕು. ದೂರಿನ ಮೊದಲ ಬೇಡಿಕೆಯೇ ಅದಾಗಿರಲಿ. ತನಿಖೆ ಮುಗಿಯಲು ತಿಂಗಳುಗಳು ಬೇಕು, ಬಾಯಾರಿಕೆ ಕಾಯುವುದಿಲ್ಲ.

ಕೆಟ್ಟ ಬಾವಿಯನ್ನು ಮಣ್ಣು ಹಾಕಿ ಮುಚ್ಚಲು ಅವಸರ ಮಾಡಬೇಡಿ. ಅದು ಸಾಕ್ಷಿ, ಮುಂದೆ ತೇಲುವ ಪೆಟ್ರೋಲನ್ನು ಎತ್ತಿ ತೆಗೆಯಲು ದಾರಿಯೂ ಹೌದು. ಬಾಯಿಗೆ ಗಾಳಿಯಾಡುವ ಕಬ್ಬಿಣದ ಜಾಲರಿ ಹಾಕಿ ಬೀಗ ಹಾಕಿ. ಕೆಲಸ ಪೂರ್ತಿ ಮುಗಿದ ಮೇಲೆ ನಿಗಾ ಬಾವಿಗಳನ್ನು ಮಾತ್ರ ತಳದಿಂದ ಮೇಲಿನವರೆಗೆ ಸಿಮೆಂಟ್ ಮತ್ತು ಬೆಂಟೊನೈಟ್ ಕಲಸಿ ತುಂಬಿ ಮುಚ್ಚಬೇಕು. ಬಂಕಿನ ಅಂಗಳದಲ್ಲಿ ತೆರೆದು ಬಿಟ್ಟ ಕೊಳವೆ ಮುಂದಿನ ಮಳೆಗೆ ನೆಲದ ಮೇಲೆ ಚೆಲ್ಲಿದ ಎಣ್ಣೆಯನ್ನು ನೇರ ಅಂತರ್ಜಲಕ್ಕೆ ಇಳಿಸುತ್ತದೆ.